ಸೂಜಿಹಕ್ಕಿ ಕೇಳದ ಮೂರು ವರ್ಷ

ನಮ್ಮ ವನ್ಯಧಾಮಕ್ಕೆ ಎರಡು ಮೈ. ಕೆಳಗೆ ಜೌಗು, ಆಳೆತ್ತರದ ಜೊಂಡು, ನೀರುಹಕ್ಕಿಗಳು. ಮೇಲೆ ಹುಲ್ಲಿನ ಗುಡ್ಡ, ಜಿಂಕೆ, ಮೊಲ, ನರಿ. ಎರಡರ ನಡುವೆ ಒಂದು ಮಣ್ಣಿನ ದಾರಿ, ದಾರಿಯ ಪಕ್ಕಕ್ಕೆ ತಗಡಿನ ಮಾಡಿನ ಉದ್ದನೆಯ ಕಚೇರಿ, ಅದರ ಕಟ್ಟಕಡೆಯ ಕೋಣೆಯಲ್ಲಿ ನಾನು. ಇಲ್ಲಿ ಕೆಲಸ ಮಾಡುವವರು ತಮ್ಮನ್ನು ಮೇಲಿನವರು, ಕೆಳಗಿನವರು ಎಂದು ಕರೆದುಕೊಳ್ಳುತ್ತಾರೆ. ಟೀ ಕುಡಿಯುವ ಬೆಂಚುಗಳೂ ಬೇರೆ ಬೇರೆ. ಜಗಳವೇನೂ ಇಲ್ಲ, ಅಭ್ಯಾಸ.

ನಾನು ಕೆಳಗಿನವಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ವರ್ಷವೇ ಇಲ್ಲಿಗೆ ಬಂದೆ. ಮದುವೆ ಮಾಡಿಕೊಳ್ಳಲಿಲ್ಲ. ನನ್ನವರು ಅಂತ ಇರುವುದು ಒಬ್ಬಳೇ ತಂಗಿ, ಅವಳೂ ದೂರದ ಊರಿನಲ್ಲಿ. ಇಲ್ಲಿ ನನ್ನ ಕೆಲಸ ಕೇಳುವುದು. ಚಳಿ ಮುಗಿದು ಬಿಸಿಲು ಬಲಿಯುವ ಮುಂಚೆ ಹನ್ನೆರಡು ಬೆಳಗ್ಗೆ, ಜೊಂಡಿನ ನಡುವೆ ಹಾಕಿದ ಹಲಗೆದಾರಿಯಲ್ಲಿ ಆರು ಗೂಟಗಳ ಬಳಿ ಹತ್ತು ಹತ್ತು ನಿಮಿಷ ನಿಂತು, ಯಾವ ಹಕ್ಕಿ ಎಷ್ಟು ಕೇಳಿತು ಎಂದು ಬರೆದುಕೊಳ್ಳಬೇಕು. ಜೊಂಡಿನೊಳಗಿನ ಹಕ್ಕಿಗಳು ಕಣ್ಣಿಗೆ ಸಿಗುವುದು ಅಪರೂಪ. ಅವನ್ನು ಕಿವಿಯಲ್ಲೇ ಎಣಿಸಬೇಕು.

ಇದರ ನಿಯಮ ಮಾಡಿದವಳು ನಾನೇ. ಅದೇ ಗೂಟ, ಅದೇ ಹೊತ್ತು, ಅದೇ ಕಿವಿ. ಒಬ್ಬೊಬ್ಬರ ಕಿವಿ ಒಂದೊಂದು ಥರ. ವರ್ಷಕ್ಕೊಬ್ಬರು ಕೇಳಿದರೆ ಈ ವರ್ಷವನ್ನು ಹೋದ ವರ್ಷದ ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ. ಹಾಗಾಗಿ ಎಣಿಕೆಯ ದಿನಗಳಲ್ಲಿ ಹಲಗೆದಾರಿಯ ಮೇಲೆ ನನ್ನನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ. ಹದಿನೆಂಟು ವರ್ಷ ಯಾರೂ ಇಟ್ಟಿರಲಿಲ್ಲ. ಎಲ್ಲರೂ ಸೇರಿ ನನಗೆ ಇಟ್ಟ ಹೆಸರು ಕಿವಿ ಮೇಡಂ. ನನ್ನ ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೂ ಕರೆದರು. ನನಗೆ ಅದು ಇಷ್ಟವೇ ಆಗಿತ್ತು.

ಆ ಜೊಂಡಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಸೂಜಿಹಕ್ಕಿ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ನಮ್ಮವರು ಸೂಜಿಹಕ್ಕಿ ಎನ್ನುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಒಣಗಿದ ಎಲೆಯ ಬಣ್ಣ. ದನಿ ಮಾತ್ರ ಸೂಜಿಯ ಮೊನೆಯಷ್ಟು ಸಣ್ಣ, ಸೂಜಿಯಷ್ಟೇ ಚೂಪು. ನಿಧಾನವಾಗಿ ಶುರುವಾಗಿ, ಜೋರಾಗಿ ತಿರುಗಿ, ತಟ್ಟನೆ ನಿಲ್ಲುತ್ತದೆ. ನಾಲ್ಕನೆಯ ಗೂಟದ ಆಚೆಗಿರುವ ಹಳೆಯ ಒಣಜೊಂಡಿನಲ್ಲಿ ಬಿಟ್ಟು ಇನ್ನೆಲ್ಲೂ ಅದು ಗೂಡು ಕಟ್ಟಿದ್ದಿಲ್ಲ. ಮೊದಲ ವರ್ಷ ಒಂಬತ್ತು ಕೇಳಿದ್ದೆ. ಆಮೇಲೆ ಎಷ್ಟೋ ವರ್ಷ ಏಳು, ಎಂಟು, ಆರು. ಆಮೇಲೆ ಎರಡು. ಆಮೇಲೆ ಸೊನ್ನೆ. ಮೂರು ವರ್ಷ ಒಂದೇ ಸಮನೆ ಸೊನ್ನೆ.

ಮೂರು ವರ್ಷವೂ ನಾಲ್ಕನೆಯ ಗೂಟದ ಬಳಿ ಹತ್ತು ನಿಮಿಷ ನಿಲ್ಲುವುದು ಬಾಗಿಲು ತೆರೆದಿರುವ ಖಾಲಿ ಮನೆಯ ಮುಂದೆ ನಿಂತ ಹಾಗಿತ್ತು. ಗಾಳಿಗೆ ಜೊಂಡು ಉಜ್ಜುವ ಸದ್ದು. ದೂರದಲ್ಲಿ ನೀರುಕೋಳಿ. ಅಷ್ಟೇ.

ಈ ಖಾಲಿ ಜಾಗದ ಮೇಲೆ ಮೇಲಿನವರ ಕಣ್ಣು ಬಿತ್ತು. ಅದರಲ್ಲಿ ದುರಾಸೆ ಇರಲಿಲ್ಲ. ಬೇಸಿಗೆಯಲ್ಲಿ ಗುಡ್ಡದ ಹೊಂಡಗಳು ಒಣಗುತ್ತವೆ. ಜಿಂಕೆಗಳು ಆಚೆ ಬದಿಗಿಳಿದು, ಡಾಂಬರು ರಸ್ತೆ ದಾಟಿ ಕಾಲುವೆಗೆ ಹೋಗುತ್ತವೆ. ವರ್ಷಕ್ಕೆ ಮೂರೋ ನಾಲ್ಕೋ ಗಾಡಿಗಳಿಗೆ ಸಿಕ್ಕಿ ಸಾಯುತ್ತವೆ. ಒಣಜೊಂಡು ಕತ್ತರಿಸಿ ಅಲ್ಲಿ ಹುಲ್ಲು ಬೆಳೆಸಿ, ನೀರಿನವರೆಗೆ ದಾರಿ ಬಿಟ್ಟುಕೊಟ್ಟರೆ ಜಿಂಕೆಗಳು ಈಚೆಗೆ ಇಳಿಯುತ್ತವೆ. ಗುಡ್ಡದ ಕಾವಲುಗಾರ ಎರಡು ವರ್ಷದಿಂದ ವನ್ಯಧಾಮದ ಸಾಹೇಬರ ಹಿಂದೆ ಬಿದ್ದಿದ್ದ. ಕೊನೆಗೆ ಸಾಹೇಬರು ನನ್ನನ್ನು ಕರೆದರು.

"ಮೇಡಂ, ಈ ವರ್ಷದ ಹನ್ನೆರಡು ದಿನವೂ ಕೇಳಿ. ಒಂದೇ ಒಂದು ಕೂಗಿದ್ರೂ ಸಾಕು, ಜೊಂಡು ಮುಟ್ಟಲ್ಲ. ಏನೂ ಇಲ್ಲ ಅಂದ್ರೆ ಅದರ ಮುಂದಿನ ವಾರ ಕತ್ತರಿಸೋರು ಬರ್ತಾರೆ."

ಹತ್ತು ದಿನ ಕೇಳಿದೆ. ಹತ್ತು ದಿನವೂ ಸೊನ್ನೆ.

ಹಲಗೆದಾರಿಯ ತನಕ ನನ್ನನ್ನು ದೋಣಿಯಲ್ಲಿ ಬಿಡುವವನು ಅಂಬಿಗ. ಅವನು ಏರಿಯ ಮೇಲೆ, ಮೂವತ್ತು ಹೆಜ್ಜೆ ದೂರದಲ್ಲಿ, ಹಲಗೆಯೊಂದರ ಮೇಲೆ ಕೂತು ಕಾಯುತ್ತಾನೆ. ಮಾತು ಜಾಸ್ತಿ, ಆದರೆ ನಾನು ಗೂಟದ ಬಳಿ ನಿಂತ ಮೇಲೆ ಕೆಮ್ಮುವುದೂ ಇಲ್ಲ. ಮೊದಲು ಹತ್ತು ನಿಮಿಷಕ್ಕೆ ನನ್ನ ಕೈಗಡಿಯಾರವೇ ಸದ್ದು ಮಾಡುತ್ತಿತ್ತು. ಎರಡು ವರ್ಷದ ಹಿಂದೆ ಆ ಸದ್ದು ನಿಂತಿತು. ಅಂಬಿಗನ ಕೈಯಲ್ಲಿ ಪೇಟೆಗೆ ಕಳಿಸಿದೆ. ಅವನು ವಾಪಸು ತಂದುಕೊಟ್ಟು, "ಮುಳ್ಳು ಓಡ್ತದೆ ಅಮ್ಮ, ಸದ್ದಿನ ಭಾಗ ಹೋಗಿದೆ ಅಂದ ಅಂಗಡಿಯವನು. ಹಳೇ ಮಾಲು, ಸಿಗಲ್ವಂತೆ. ಹೊತ್ತು ನಾನು ನೋಡ್ತೀನಿ. ಆದಾಗ ಟೋಪಿ ಎತ್ತುತೀನಿ, ನೀವು ಈಕಡೆ ನೋಡಿ," ಎಂದ. ಅಂದಿನಿಂದ ಹಾಗೆಯೇ ನಡೆದಿತ್ತು.

ಹನ್ನೊಂದನೆಯ ಬೆಳಗ್ಗೆ ಎಣಿಕೆ ಮುಗಿಸಿ ಆರನೆಯ ಗೂಟದಿಂದ ಹಿಂದಿರುಗುವಾಗ, ನಾಲ್ಕನೆಯದರ ಹತ್ತಿರ ಗುಡ್ಡದ ಕಾವಲುಗಾರ ನಿಂತಿದ್ದ. ಎಲ್ಲರೂ ಅವನನ್ನು ಗುಡ್ಡಪ್ಪ ಎನ್ನುತ್ತಾರೆ, ಗುಡ್ಡ ಕಾಯುವುದಕ್ಕೂ ಸರಿ, ಗುಡ್ಡದಂತೆ ಇರುವುದಕ್ಕೂ ಸರಿ. ಕೈಯಲ್ಲಿ ಕೆಂಪು ಟೇಪಿನ ಸುರುಳಿ. ಕತ್ತರಿಸುವ ಗಡಿಗೆ ಗುರುತು ಕಟ್ಟಲು ಬಂದಿದ್ದ.

"ಬೈಬೇಡಿ ಮೇಡಂ. ನಿಮ್ಮ ಎಣಿಕೆ ಮುಗೀಲಿ ಅಂತ ಆಚೆ ಗಂಟೆಹೊತ್ತು ಕೂತಿದ್ದೆ. ನಾಳೆಗೆ ಗುರುತು ಕಟ್ಟಿರ್ಬೇಕು ಅಂತ ಸಾಹೇಬ್ರು ಹೇಳಿದಾರೆ."

"ಬೈಯಲ್ಲ. ಬೂಟು ನೋಡಿಕೊಂಡು ಇಡಿ, ಎಡಗಡೆ ಹಲಗೆ ಕೊಳೆತಿದೆ."

ಅವನು ಎರಡು ಹೆಜ್ಜೆ ಇಟ್ಟು ನಿಂತ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ತೆರೆದ.

"ಅಬ್ಬಾ! ನೀವು ಇಲ್ಲಿ ದಿನಾ ಹೆಂಗೆ ನಿಲ್ತೀರಿ? ಕಿವಿಯೊಳಗೆ ಕಡ್ಡಿ ಹಾಕಿ ತಿರುವಿದಂಗೆ ಆಗ್ತದೆ. ಏನದು, ಜೀರುಂಡೆನಾ?"

"ಯಾವುದು?"

"ಇದೇ. ಈಗ ಕೂಗ್ತಾ ಇರೋದು."

ನಾನು ಕಿವಿಗೊಟ್ಟೆ. ಗಾಳಿ. ಜೊಂಡು. ದೂರದಲ್ಲಿ ನೀರುಕೋಳಿ.

ಅವನು ತೋರಿಸಿದ ಕಡೆ ದುರ್ಬೀನು ಹಿಡಿದೆ. ಒಂದು ಒಣ ಜೊಂಡಿನ ದಂಟು ಉಳಿದವುಗಳಿಗಿಂತ ಬೇರೆಯಾಗಿ ನಡುಗುತ್ತಿತ್ತು. ಅದರ ತುದಿಗಿಂತ ಸ್ವಲ್ಪ ಕೆಳಗೆ ಒಣಗಿದ ಎಲೆಯ ಬಣ್ಣದ ಪುಟ್ಟ ಹಕ್ಕಿ. ಕೊಕ್ಕು ಪೂರ್ತಿ ತೆರೆದಿತ್ತು. ಗಂಟಲಿನ ಗರಿಗಳು ಅದುರುತ್ತಿದ್ದವು, ಮೈಯೆಲ್ಲ ಆ ನಡುಕಕ್ಕೆ ಅಲುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಗಾಜಿನ ಆಚೆ ಯಾರೋ ಕೂಗಿ ಕರೆಯುತ್ತಿರುವ ಹಾಗಿತ್ತು.

ಹಕ್ಕಿ ಕೊಕ್ಕು ಮುಚ್ಚಿತು. "ಈಗ?" ಎಂದೆ.

"ಈಗ ನಿಂತಿತು."

ಮತ್ತೆ ಕೊಕ್ಕು ತೆರೆಯಿತು. ನಾನು ಕೇಳುವ ಮೊದಲೇ ಗುಡ್ಡಪ್ಪ, "ನೋಡಿ, ಶುರುವಾಯ್ತು," ಎಂದ. "ಹುಳ ಅಲ್ವಾ ಮೇಡಂ?"

ಆ ಕ್ಷಣಕ್ಕೆ ನನ್ನ ಬಾಯಿಂದ ಬಂದದ್ದನ್ನು ನಾನು ಮರೆಮಾಚಿ ಬರೆಯುವುದಿಲ್ಲ. "ಹೂಂ. ಯಾವುದೋ ಹುಳ ಇರಬೇಕು," ಎಂದೆ. ದುರ್ಬೀನನ್ನು ಚೀಲಕ್ಕೆ ಹಾಕಿ, ಅವನ ಪಕ್ಕದಿಂದ ದಾಟಿ, ಹಲಗೆಯ ಮೇಲೆ ನೇರ ನಡೆದು ಬಂದೆ.

ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಕೈಗಡಿಯಾರ ತೆಗೆದು, ಒಂದು ನಿಮಿಷಕ್ಕೆ ಗಂಟೆ ಇಟ್ಟು, ಅಂಗೈಯಲ್ಲಿ ಹಿಡಿದುಕೊಂಡೆ. ಏನೂ ಕೇಳಲಿಲ್ಲ. ಅಂಗೈಯಲ್ಲಿ ಮಾತ್ರ ಏನೋ ಸಣ್ಣಗೆ ಅದುರಿದ ಹಾಗಾಯಿತು. ಆ ಸದ್ದು ನಿಂತೇ ಇರಲಿಲ್ಲ.

ದಪ್ಪ ದನಿಗಳೆಲ್ಲ ನನಗೆ ಚೆನ್ನಾಗಿ ಕೇಳುತ್ತಿದ್ದವು. ಗಂಡಸರ ಮಾತು, ಬಾತುಗಳು, ಟ್ರ್ಯಾಕ್ಟರು, ಬಾಗಿಲು ತಟ್ಟುವುದು. ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ತಂಗಿ ಭಾನುವಾರದ ಫೋನಿನಲ್ಲಿ, "ಅಕ್ಕ, ಹೂಂ ಹೂಂ ಅಂತೀಯ, ಒಂದಕ್ಕೂ ಉತ್ತರ ಕೊಡಲ್ಲ. ನನ್ನ ಮೊಮ್ಮಗಳು ಮಾತಾಡಿದ್ರೂ ಅಷ್ಟೇ. ಕೋಪಾನಾ?" ಎಂದಾಗ ಈ ಜಾಗದಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ ಎಂದುಕೊಂಡಿದ್ದೆ.

ಹೇಳದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಗುಡ್ಡಪ್ಪ ಹುಳ ಎಂದು ನಂಬಿದ್ದಾನೆ. ಜೊಂಡು ಹೋಗುತ್ತದೆ, ಜಿಂಕೆಗಳಿಗೆ ಒಳ್ಳೆಯದಾಗುತ್ತದೆ. ನಾನು ಕಿವಿ ಮೇಡಂ ಆಗಿಯೇ, ಈ ಕೋಣೆಯಲ್ಲಿಯೇ ಇರುತ್ತೇನೆ. ಹೇಳಿದರೆ? ಕೇಳಲಾಗದವಳಿಗೆ ಕೇಳುವ ಕೆಲಸ ಕೊಟ್ಟು ಯಾರು ಇಟ್ಟುಕೊಳ್ಳುತ್ತಾರೆ? ತಂಗಿಯ ಮನೆಯಲ್ಲಿ ನನಗಾಗಿ ಒಂದು ಕೋಣೆ ಇದೆ, ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಒಳ್ಳೆಯ ಮನೆ. ಎಲ್ಲರೂ ಒಳ್ಳೆಯವರು. ಅಲ್ಲಿ ನಾನು ಹೂಂ ಹೂಂ ಎನ್ನುತ್ತಾ ಕೂರಬೇಕು.

ಸಂಜೆ ದೋಣಿಕಟ್ಟೆಗೆ ಹೋದೆ. ಅಂಬಿಗ ದೋಣಿಯನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದ.

"ಗಡಿಯಾರ ಕೆಟ್ಟಿರಲಿಲ್ಲ," ಎಂದೆ.

ಅವನು ತಲೆ ಎತ್ತಲಿಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. "ಅಂಗಡಿಯವನು ನನ್ನ ಮುಂದೇ ಬಾರಿಸಿ ತೋರಿಸ್ದ ಅಮ್ಮ. ಬೀದಿಗೆಲ್ಲ ಕೇಳ್ತಿತ್ತು. ಇಷ್ಟು ಚಿಕ್ಕ ವಿಷಯ, ನಿಮ್ಗೆ ಹೇಳಿ ಯಾಕೆ ಬೇಜಾರು ಮಾಡ್ಲಿ? ಟೋಪಿ ಎತ್ತೋಕೆ ನಂಗೇನು ಕೂಲಿ ಕೊಡ್ಬೇಕಾ?"

"ನಾಲ್ಕನೇ ಗೂಟದಲ್ಲಿ ಸೂಜಿಹಕ್ಕಿ ಕೂಗ್ತಿತ್ತು. ನಿನಗೆ ಏರಿ ಮೇಲೆ ಕೇಳಿಲ್ವಾ?"

ಈಗ ತಲೆ ಎತ್ತಿದ. "ಏನೋ ಕೇಳ್ತಿತ್ತು. ಮೂರು ವರ್ಷದಿಂದ್ಲೂ ಕೇಳ್ತದೆ. ನೀವು ಬಂದು ಸೊನ್ನೆ ಅಂದ್ರಿ. ಸರಿ, ಇದು ಬೇರೆ ಏನೋ ಅಂದ್ಕೊಂಡೆ."

"ಗಡಿಯಾರ ಕೇಳದವಳಿಗೆ ಹಕ್ಕಿ ಹೇಗೆ ಕೇಳುತ್ತೆ ಅಂತ ಅನ್ನಿಸಲಿಲ್ವೇನೋ?"

"ಗಡಿಯಾರ ಮಿಷನ್ನು," ಎಂದ ಅವನು, ನಾನೇ ಏನೋ ತಪ್ಪು ಹೇಳಿದ ಹಾಗೆ. "ಹಕ್ಕಿ ವಿಷಯದಲ್ಲಿ ನಿಮ್ಮ ಕಿವಿ ತಪ್ಪೋದು ಅಂದ್ರೆ? ನನ್ನ ಕಿವಿನೇ ತಪ್ಪು ಅಂದ್ಕೊಂಡೆ ಅಮ್ಮ."

ಅವನ ಕಣ್ಣು ಕೆಂಪಾಗಿತ್ತು. ಟಾರಿನ ಹೊಗೆಗೆ ಇರಬಹುದು. ನಾನು ಕೋಣೆಗೆ ಹಿಂದಿರುಗಿದೆ.

ಮರುದಿನ ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಸಭೆ. ಮೇಜಿನ ಮೇಲೆ ನಕ್ಷೆ ಹಾಸಿದ್ದರು. ಗುಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಸಾಹೇಬರು ಪೆನ್ನು ಹಿಡಿದು, "ಹನ್ನೆರಡಕ್ಕೆ ಹನ್ನೆರಡೂ ಸೊನ್ನೆ ಅಲ್ವಾ ಮೇಡಂ?" ಎಂದರು.

"ಹಕ್ಕಿ ಇದೆ. ಹೋದದ್ದು ನನ್ನ ಕಿವಿ," ಎಂದೆ.

ಹಿಂದಿನ ರಾತ್ರಿ ಇದನ್ನು ಹೇಗೆಲ್ಲ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬಂದದ್ದು ಇಷ್ಟೇ. ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಸಾಹೇಬರು ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಆದರೆ ಅವರು ಕೇಳಲೇಬೇಕಾದದ್ದನ್ನು ಕೇಳಿದರು.

"ಯಾವ ವರ್ಷದಿಂದ ಮೇಡಂ? ಒಂಬತ್ತು, ಏಳು, ಎಂಟು, ಆರು, ಎರಡು... ಇದರಲ್ಲಿ ಕಡಿಮೆ ಆಗಿದ್ದು ಹಕ್ಕಿನೋ, ಕಿವಿನೋ?"

"ಗೊತ್ತಿಲ್ಲ."

ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಹದಿನೆಂಟು ವರ್ಷದ ಪುಸ್ತಕಗಳು ಗೋಡೆಯ ಕಪಾಟಿನಲ್ಲಿದ್ದವು, ನೀಲಿ ರಟ್ಟು ಹಾಕಿದವು. ಕಡೆಯ ಏಳು ವರ್ಷಗಳನ್ನು ಇಳಿಸಿಕೊಂಡು, ಸಣ್ಣ ದನಿಯ ಹಕ್ಕಿಗಳ ಸಾಲಿನ ಮುಂದೆಲ್ಲ ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು ಹಾಕಿದೆ. ಸಾಹೇಬರು ಗುಮಾಸ್ತನಿಗೆ ಹೇಳೋಣ ಎಂದರು. ನನ್ನ ಕೈಬರಹ, ನಾನೇ ಹಾಕುತ್ತೇನೆ ಎಂದೆ.

ಗುಡ್ಡಪ್ಪ ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲಿನ ಹತ್ತಿರ ನಿಂತ. "ಹುಳ ಅಂದ್ರಲ್ಲ ಮೇಡಂ," ಎಂದ.

"ಹೂಂ. ಅಂದೆ."

"ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು."

"ಆಗ್ತಿತ್ತು."

ಅವನು ಹೋಗಿ ಕೆಂಪು ಟೇಪುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು ಬಂದ ಎಂದು ಅಂಬಿಗ ಆಮೇಲೆ ಹೇಳಿದ.

ಆ ಬೇಸಿಗೆ ಗುಡ್ಡಕ್ಕೆ ನೀರು ಸಾಗಿಸಿದರು. ಮೂರು ದಿನಕ್ಕೊಮ್ಮೆ ಟ್ರ್ಯಾಕ್ಟರಿನಲ್ಲಿ ಟ್ಯಾಂಕು ಹೇರಿಕೊಂಡು ಹೋಗಿ ತೊಟ್ಟಿಗಳಿಗೆ ತುಂಬಿಸುವುದು. ಸಾಹೇಬರು ಕೆಳಗಿನವರನ್ನೂ ಆ ಕೆಲಸಕ್ಕೆ ಹಚ್ಚಿದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಟೀ ಹೊತ್ತಿಗೆ ಬೆಂಚಿನಲ್ಲಿ ನನಗೆ ಜಾಗ ಬಿಡುತ್ತಿದ್ದರು, ಸ್ವಲ್ಪ ಹೆಚ್ಚೇ ಬಿಡುತ್ತಿದ್ದರು. ಎಲ್ಲರೂ ನನ್ನ ಹತ್ತಿರ ಜೋರಾಗಿ, ನಿಧಾನವಾಗಿ ಮಾತಾಡಲು ಶುರುಮಾಡಿದರು. ಕಿವಿ ಮೇಡಂ ಎಂದು ಕರೆಯುವುದನ್ನು ತಮ್ಮೊಳಗೆ ಮಾತಾಡಿಕೊಳ್ಳದೆಯೇ ಎಲ್ಲರೂ ಒಟ್ಟಿಗೆ ಬಿಟ್ಟುಬಿಟ್ಟರು. ಅದು ಮರ್ಯಾದೆಗೆ ಬಿಟ್ಟದ್ದು, ನನಗೆ ಗೊತ್ತು. ಆದರೂ ಆ ಹೆಸರು ಕೇಳದ ದಿನಗಳು ಉದ್ದವಾಗಿದ್ದವು.

ತೊಟ್ಟಿ ತುಂಬಿಸಿದರೂ ಒಂದು ತಾಯಿಜಿಂಕೆ ಮರಿಯೊಂದಿಗೆ ಡಾಂಬರು ರಸ್ತೆಗಿಳಿದಿತ್ತು. ಮರಿ ಉಳಿಯಲಿಲ್ಲ. ಈ ಸುದ್ದಿ ನನಗೆ ತಲುಪದ ಹಾಗೆ ಗುಡ್ಡಪ್ಪ ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದ. ಒಂದು ದಿನ ದೋಣಿಯಲ್ಲಿ ಅಂಬಿಗನ ಬಾಯಿ ಜಾರಿತು. ಅವನು ನಾಲಿಗೆ ಕಚ್ಚಿಕೊಂಡ. ನನಗೆ ಆ ಮರಿಯ ವಿಷಯ ಗೊತ್ತಿದೆ ಎಂದು ಗುಡ್ಡಪ್ಪನಿಗೆ ಇವತ್ತಿಗೂ ಹೇಳಿಲ್ಲ. ಅವನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು.

ಮುಂದಿನ ಚಳಿಗಾಲದ ನಡುವೆ ಸಾಹೇಬರು ಹೊಸ ಏರ್ಪಾಡು ಮಾಡಿದರು. "ದನಿ ಹಿಡಿಯೋ ಯಂತ್ರಕ್ಕೆ ಬರೆದಿದೀವಿ, ಬರೋವಾಗ ಬರ್ಲಿ. ಅಲ್ಲೀವರೆಗೆ ಆ ಹಕ್ಕೀನ ಮೊದಲು ಹಿಡಿದ ಕಿವಿನೇ ಎಣಿಸ್ಲಿ. ನೀವು ಅವನನ್ನ ತಯಾರು ಮಾಡಿ ಮೇಡಂ."

"ಮೇಲಿನವನನ್ನ ಕೆಳಗಿಳಿಸಿಬಿಟ್ರಿ," ಎಂದು ಗುಡ್ಡಪ್ಪ ಗೊಣಗಿದ. "ನಂಗೆ ಕಾಗೆ ಬಿಟ್ರೆ ಕೋಳಿ ಗೊತ್ತು."

ಎಣಿಕೆಗೆ ಮುಂಚಿನ ಆರು ವಾರ ದಿನಾ ಬೆಳಗ್ಗೆ ಇಬ್ಬರೂ ಹಲಗೆದಾರಿಯಲ್ಲಿ ನಡೆದೆವು. ಅವನಿಗೆ ಕೇಳುತ್ತಿತ್ತು, ಹೆಸರು ಗೊತ್ತಿರಲಿಲ್ಲ. ನನಗೆ ಹೆಸರು ಗೊತ್ತಿತ್ತು. "ಹೇಗೆ ಕೂಗಿತು, ಕೂಗಿ ತೋರಿಸಿ," ಎನ್ನುತ್ತಿದ್ದೆ. ಮೊದಲ ವಾರ ನಾಚಿಕೊಂಡ. ಆಮೇಲೆ ಆ ಗುಡ್ಡದಂಥ ಮನುಷ್ಯ ಮೀಸೆಯ ಕೆಳಗೆ ತುಟಿ ಮುಂದೆ ಮಾಡಿ, ತನ್ನ ದಪ್ಪ ದನಿಯಲ್ಲೇ ಚಿಲಿಪಿಲಿಯನ್ನು ಹೊರಡಿಸತೊಡಗಿದ. ದನಿ ಎತ್ತಿನದು, ತಾಳ ಹಕ್ಕಿಯದು. ತಾಳದಿಂದಲೇ ನಾನು ಹೆಸರು ಹೇಳುತ್ತಿದ್ದೆ. ಏರಿಯ ಮೇಲೆ ಅಂಬಿಗ ಟೋಪಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

"ನಿನ್ ಹೆಂಡ್ತಿ ಕೇಳಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾಳೆ ಕಣೋ!"

"ನೀನು ಹುಟ್ಟು ಹಾಕೋ ಸದ್ದಿಗೆ ಎಮ್ಮೆ ಹೆದರ್ತವೆ, ಸುಮ್ನಿರು!"

ನಾಲ್ಕನೆಯ ಗೂಟದಲ್ಲಿ ಅವನು ಸೂಜಿಹಕ್ಕಿಯನ್ನು ಕೂಗಿ ತೋರಿಸಿದ ದಿನ ನಾನು ಹೆಸರು ಹೇಳಲು ಸ್ವಲ್ಪ ತಡ ಮಾಡಿದೆ. ನಿಧಾನವಾಗಿ ಶುರುವಾಗಿ, ಜೋರಾಗಿ ತಿರುಗಿ, ತಟ್ಟನೆ ನಿಂತಿತು. ಅವನು ತಪ್ಪಿದೆನೇನೋ ಎಂದು ಮುಖ ನೋಡಿದ. "ಇಲ್ಲ, ಸರಿಯಾಗಿದೆ," ಎಂದೆ. "ಇನ್ನೊಂದು ಸಲ."

ಎಣಿಕೆಯ ಮೊದಲ ಬೆಳಗ್ಗೆ ನಾನು ಹಲಗೆದಾರಿ ಹತ್ತಲಿಲ್ಲ. ಒಂದೇ ಕಿವಿ ಎಂಬ ನಿಯಮ ಈಗ ಅವನ ಕಿವಿಗೆ ಸೇರಿದ್ದು. ಎಣಿಕೆ ಮುಗಿದ ಮೇಲೆ ಬರುತ್ತೇನೆ ಎಂದು ತಂಗಿಗೂ ಹೇಳಿಯಾಗಿತ್ತು. ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿಸಿದ್ದೆ. ಅಂಬಿಗ ಏರಿಯ ಮೇಲೆ ತನ್ನ ಹಲಗೆಯಲ್ಲಿ ಸರಿದು ಕೂತು, ಒದ್ದೆಯಿಲ್ಲದ ಬದಿಯನ್ನು ನನಗೆ ಬಿಟ್ಟುಕೊಟ್ಟ. ಮಂಜು ಇತ್ತು. ಗುಡ್ಡಪ್ಪ ಒಂದೊಂದೇ ಗೂಟ ದಾಟಿ ಹೋಗುವಾಗ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

"ಈಗ ಏನಾದರೂ ಕೂಗ್ತಾ ಇದೆಯೇನೋ?" ಎಂದು ಅಂಬಿಗನನ್ನು ಪಿಸುಗುಟ್ಟಿ ಕೇಳಿದೆ.

"ತುಂಬಾ," ಎಂದ ಅವನು.

ಗುಡ್ಡಪ್ಪ ನಾಲ್ಕನೆಯ ಗೂಟದ ಬಳಿ ನಿಂತ. ಕಣ್ಣು ಮುಚ್ಚಿದ್ದನೋ ಏನೋ, ತಲೆ ತಗ್ಗಿತ್ತು. ಸುಮಾರು ಹೊತ್ತಾಯಿತು. ಎಣಿಸುವವನು ಎಣಿಸುವಾಗ ಕೈ ಆಡಿಸಬಾರದು, ತಿರುಗಿ ನೋಡಬಾರದು, ಯಾರಿಗೂ ಏನೂ ತಿಳಿಸಬಾರದು ಎಂದು ಆರು ವಾರ ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದೆ. ಅವನು ಬರೆಯುವ ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಮ್ಮ ಕಡೆಗೆ ಪೂರ್ತಿ ತಿರುಗಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಐದು ಬೆರಳು ಬಿಡಿಸಿ ತೋರಿಸಿದ.

ನಾನು ಗದರಿಸಬೇಕಿತ್ತು. ಗದರಿಸಲಿಲ್ಲ. ಅವನು ಮತ್ತೆ ಜೊಂಡಿನ ಕಡೆ ತಿರುಗುವವರೆಗೂ ನೋಡುತ್ತಾ ಕೂತೆ.